ಎಲ್ಡನ್ ವಾವ್ರಾ ಬಾಯಲ್ಲಿ ಕಟ್ಟಿದ ಕಾರು

ನೀರೆತ್ತುವ ಗಾಳಿಯಂತ್ರ ಕೆಟ್ಟು, ದನಗಳು ಒಣಗಿದ ತೊಟ್ಟಿಯ ಮುಂದೆ ನಿಂತು ಕೂಗತೊಡಗಿದರೆ ಲಾರ್ಕಿನ್ ಸುತ್ತಿನ ರೈತರು ಎಲ್ಡನ್ ವಾವ್ರಾನಿಗೆ ಫೋನ್ ಮಾಡುತ್ತಿದ್ದರು. ನೆಬ್ರಾಸ್ಕಾದ ಆ ಬಯಲಿನಲ್ಲಿ ಗಾಳಿಗೆ ಬರವಿಲ್ಲ, ನೀರು ಮಾತ್ರ ನೆಲದೊಳಗೆ ಅಡಗಿ ಕೂತಿರುತ್ತಿತ್ತು. ಎಲ್ಡನ್ ಬರುವನು, ನಲವತ್ತು ಅಡಿಯ ಕಬ್ಬಿಣದ ಗೋಪುರವನ್ನು ಬೆಕ್ಕಿನ ಹಾಗೆ ಹತ್ತುವನು, ಮೇಲೆ ಕೂತು ಹಲ್ಲುಚಕ್ರ ಬಿಚ್ಚುತ್ತ ಕೆಳಗಿದ್ದವರಿಗೆ ಉಪದೇಶ ಶುರುಮಾಡುವನು.

“ಎಣ್ಣೆ ಯಾವಾಗ ಬದಲಾಯಿಸ್ದೆ? ವರ್ಷಕ್ಕೊಂದ್ಸಲ ಅಂತ ಹೇಳಿದ್ನಲ್ಲ. ಹೇಳಿದ್ದು ಯಾರಿಗೆ, ಗೋಡೆಗಾ?”

ಉಪದೇಶ ಅವನ ಚಾಳಿ. ಕೆಲಸ ಚೊಕ್ಕವಾಗಿದ್ದುದರಿಂದ ಜನ ಸಹಿಸಿಕೊಳ್ಳುತ್ತಿದ್ದರು. ಯುದ್ಧದ ಕಾಲದಲ್ಲಿ ಎರಡು ವರ್ಷ ಇಟಲಿಯ ಕೆಸರಿನಲ್ಲಿ ಸೈನ್ಯದ ಲಾರಿಗಳ ಕೆಳಗೆ ಮಲಗಿ ಕಲಿತ ವಿದ್ಯೆ ಅದು. ಊರಿಗೆ ಮರಳಿ, ಲಿಬಿ ಎಂಬ ಹುಡುಗಿಯನ್ನು ಮದುವೆಯಾಗಿ, ಲಾರ್ಕಿನ್‌ನಿಂದ ಇಪ್ಪತ್ತೆಂಟು ಮೈಲಿ ದೂರದಲ್ಲಿ ಐದೆಕರೆ ಜಾಗ ಹಿಡಿದಿದ್ದ. ಲಿಬಿಗೆ ಕೋಳಿಗಳ ಹುಚ್ಚು. ಮೂವತ್ತಾರು ಕೆಂಗಂದು ಕೋಳಿ, ಒಂದೊಂದಕ್ಕೂ ತನ್ನ ಸೋದರತ್ತೆ, ಚಿಕ್ಕಮ್ಮಂದಿರ ಹೆಸರಿಟ್ಟಿದ್ದಳು. “ಇವತ್ತು ಬೊಜೆನಾ ಅತ್ತೆ ಮೊಟ್ಟೆ ಇಡ್ಲಿಲ್ಲ” ಎಂದು ಅವಳು ಹೇಳಿದರೆ ಹೊಸಬರು ಬೆಚ್ಚಿಬೀಳುತ್ತಿದ್ದರು.

ಎಲ್ಡನ್‌ನ ಹುಚ್ಚು ಬೇರೆ. ಸಾವಿರದ ಒಂಬೈನೂರ ಐವತ್ತಮೂರರ ವಸಂತದಲ್ಲಿ ಒಬ್ಬ ವಿಧವೆಯ ಹೊಲಕ್ಕೆ ಗಾಳಿಯಂತ್ರ ರಿಪೇರಿಗೆ ಹೋಗಿದ್ದ. ಹೊಲದಂಚಿನ ಮರಗಳ ಸಾಲಿನಲ್ಲಿ ಮೂವತ್ತೊಂದನೇ ಇಸವಿಯ ಫೋರ್ಡ್ ಕಾರೊಂದು ನಿಂತಿತ್ತು. ಎರಡೇ ಸೀಟಿನ, ದುಂಡು ಬೆನ್ನಿನ ಗಾಡಿ. ಅದರ ನೆಲದ ಹಲಗೆ ಸೀಳಿಕೊಂಡು ಹಿಪ್ಪುನೇರಳೆಯ ಗಿಡವೊಂದು ಕಿಟಕಿಯಾಚೆ ತಲೆ ಹಾಕಿತ್ತು.

“ನಿನಗೆ ಅದು ಬೇಕೇನಪ್ಪಾ?” ಎಂದಳು ವಿಧವೆ. “ಬೇಕಾದ್ರೆ ತಗೊಂಡ್ಹೋಗು. ಆದ್ರೆ ಗಿಡಕ್ಕೆ ಏನೂ ಮಾಡ್ಬೇಡ, ಅದರ ಹಣ್ಣು ಚೆನ್ನಾಗಿರುತ್ತೆ.”

ಗಿಡ ಉಳಿಸಿ ಕಾರು ತೆಗೆಯಲು ಎಲ್ಡನ್‌ಗೆ ಎರಡು ದಿನ ಹಿಡಿಯಿತು.

ಹಳೆಯ ಫೋರ್ಡಿನ ಮಡ್‌ಗಾರ್ಡುಗಳನ್ನು ಕಿತ್ತು, ಮಾಡು ತಗ್ಗಿಸಿ, ಮೈಯನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ಹುಟ್ಟಿನಲ್ಲಿ ಇಲ್ಲದ ದೊಡ್ಡ ಎಂಜಿನ್ ಒಂದನ್ನು ಅದರ ಹೊಟ್ಟೆಗೆ ತುರುಕಿದರೆ ಅದು ಹಾಟ್ ರಾಡ್. ಆಗ ಲಾರ್ಕಿನ್ ಸುತ್ತ ಎಲ್ಡನ್ ಸೇರಿ ಹದಿನಾಲ್ಕು ಜನ ತಂತಮ್ಮ ಕೊಟ್ಟಿಗೆ, ಷೆಡ್ಡುಗಳಲ್ಲಿ ಇದನ್ನೇ ಮಾಡುತ್ತಿದ್ದರು. ತಮ್ಮನ್ನು ‘ಗ್ರಾವೆಲ್ ಕಿಂಗ್ಸ್’ ಎಂದು ಕರೆದುಕೊಂಡಿದ್ದರು. ಜಲ್ಲಿ ರಸ್ತೆ ಬಿಟ್ಟರೆ ಬೇರೆ ರಸ್ತೆಯೇ ಇರಲಿಲ್ಲವಾದ್ದರಿಂದ ಈ ರಾಜರ ರಾಜ್ಯವೆಲ್ಲ ಜಲ್ಲಿಯೇ.

ತಿಂಗಳ ಮೊದಲ ಭಾನುವಾರ, ಚರ್ಚೂ ಊಟವೂ ಮುಗಿದ ಮೇಲೆ, ಎರಡು ಗಂಟೆಗೆ ರಾಯ್ಸ್ ಕೆಟ್ಲರ್‌ನ ವರ್ಕ್‌ಶಾಪಿನಲ್ಲಿ ಅವರು ಸೇರುತ್ತಿದ್ದರು. ರಾಯ್ಸ್ ಅಪಘಾತದ ಕಾರುಗಳ ತಗಡು ನೆಟ್ಟಗೆ ಮಾಡುವವನು. ಎತ್ತಿನ ಹೆಗಲು, ಮೂಗಿನ ತುದಿಯಲ್ಲೇ ಕೋಪ. ಕ್ಲಬ್ಬಿಗೆ ಅವನೇ ಅಧ್ಯಕ್ಷ. ಅವನು ಸೋಡಾ ಬಾಟಲಿಗಳ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಮಧ್ಯೆ ಇಡುತ್ತಿದ್ದ. ಒಬ್ಬೊಬ್ಬರೂ ಅದರ ಮೇಲೆ ಹತ್ತಿ ನಿಂತು, ಕಳೆದ ತಿಂಗಳಿನಿಂದ ತನ್ನ ಕಾರು ಎಷ್ಟು ಮುಂದೆ ಬಂತೆಂದು ಹೇಳಬೇಕು. ಔಷಧದಂಗಡಿಯ ಗುಮಾಸ್ತ ಗೇಲನ್ ಪೋಸ್ಪಿಶಿಲ್ ಅದನ್ನು ಹಸಿರು ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಅವನ ಅಕ್ಷರ ಮುತ್ತಿನಂತೆ.

ಈಗ ನೆನೆದರೆ ನಗು ಬರುತ್ತದೆ, ಅವರು ಹೇಳಿಕೊಳ್ಳುತ್ತಿದ್ದುದು ಅಷ್ಟು ಸಣ್ಣ ಸಣ್ಣ ಸಂಗತಿ. ಒಬ್ಬ ಇಡೀ ತಿಂಗಳಲ್ಲಿ ಒಂದು ಬೋಲ್ಟು ಬಿಚ್ಚಿರುತ್ತಿದ್ದ, ಅದು ತುಕ್ಕು ಹಿಡಿದ ಬೋಲ್ಟು. ಅದಕ್ಕೂ ಚಪ್ಪಾಳೆ. ಇನ್ನೊಬ್ಬ ಬಾಗಿಲನ್ನು ಕೂರಿಸಿ, ಮುಚ್ಚಿ, ಅದರ ‘ಟಕ್’ ಸದ್ದು ಹೇಗಿತ್ತೆಂದು ಬಾಯಲ್ಲಿ ಮಾಡಿ ತೋರಿಸುತ್ತಿದ್ದ. ಏನೂ ಮಾಡದವನು “ಷೆಡ್ ಗುಡಿಸ್ದೆ” ಎನ್ನಬೇಕು, ಅದು ಅಲ್ಲಿಯ ಮರ್ಯಾದೆ. ಮೂಲೆಯಲ್ಲಿ ಕಾಫಿ ಕುದಿಯುತ್ತಿತ್ತು. ಲಿಬಿ ಕಟ್ಟಿಕೊಟ್ಟ ಗಸಗಸೆ ಹೂರಣದ ಕೊಲಾಚೆ ಎಂಬ ಸಿಹಿ ಬನ್ನುಗಳು ತಟ್ಟೆಯಲ್ಲಿರುತ್ತಿದ್ದವು, ಗ್ರೀಸ್ ಕೈಯಲ್ಲೇ ತೆಗೆದುಕೊಂಡು ತಿನ್ನುತ್ತಿದ್ದರು.

ಎಲ್ಡನ್ ಪೆಟ್ಟಿಗೆ ಹತ್ತಿದರೆ ವರದಿಗಿಂತ ಉಪದೇಶವೇ ಹೆಚ್ಚು. ಅದರಲ್ಲೂ ಬೆಂಕಿಯ ವಿಷಯ.

“ವೆಲ್ಡಿಂಗ್ ಮಾಡೋವಾಗ ಪಕ್ಕದಲ್ಲಿ ಒದ್ದೆ ಗೋಣಿ ಇರ್ಬೇಕು. ಒಂದು ಬಕೆಟ್ ನೀರು ಇರ್ಬೇಕು. ಹುಲ್ಲು, ಕಸ ಇರ್ಬಾರ್ದು. ಕೇಳಿಸ್ತಾ?”

“ಕೇಳಿಸ್ತು ಪಾದ್ರಿಗಳೇ, ಆಮೆನ್!” ಎಂದು ಹದಿಮೂರೂ ಜನ ಒಟ್ಟಿಗೆ ಕೂಗುತ್ತಿದ್ದರು.

ಸಾವಿರದ ಒಂಬೈನೂರ ಐವತ್ತಾರರ ಆಗಸ್ಟ್. ಮಳೆ ಕಾಣದೆ ಆರು ವಾರವಾಗಿತ್ತು. ಗುರುವಾರ ಮಧ್ಯಾಹ್ನ ಎಲ್ಡನ್ ಕೋಳಿಗೂಡಿಗೆ ಅಂಟಿಕೊಂಡ ಷೆಡ್ಡಿನಲ್ಲಿ ಕಾರಿನ ಚಾಸಿಸ್ಸಿಗೆ ಅಡ್ಡಪಟ್ಟಿ ಬೆಸೆಯುತ್ತಿದ್ದ. ಅಲ್ಲಿ ಬಕೆಟ್ ಇರಲಿಲ್ಲ. ಕೋಳಿಗಳಿಗೆ ನೀರಿಡಲೆಂದು ಬೆಳಿಗ್ಗೆ ಅವನೇ ಅದನ್ನು ಲಿಬಿಗೆ ಕೊಟ್ಟಿದ್ದ. ಗೋಣಿ ಮೊಳೆಗೆ ನೇತುಬಿದ್ದಿತ್ತು, ಹಪ್ಪಳದಂತೆ ಒಣಗಿತ್ತು. ‘ಐದೇ ನಿಮಿಷದ ಕೆಲಸ’ ಎಂದುಕೊಂಡ.

ಕಿಡಿಯೊಂದು ಹಲಗೆಯ ಸಂದಿಯಲ್ಲಿ ಜಾರಿ ಆಚೆ ಕೋಳಿಗಳ ಹುಲ್ಲಿಗೆ ಬಿತ್ತು. ಅವನು ಕಪ್ಪು ಕನ್ನಡಕ ತೆಗೆದು ತಲೆ ಎತ್ತುವಷ್ಟರಲ್ಲಿ ಗೋಡೆಯೇ ಉರಿಯುತ್ತಿತ್ತು. ಕಾರನ್ನು ಹೊರಗೆ ತಳ್ಳಲು ಹೋದ. ಚಕ್ರವಿಲ್ಲದ ಕಾರು, ಮರದ ದಿಮ್ಮಿಗಳ ಮೇಲೆ ಕೂತಿದ್ದು, ಎಲ್ಲಿ ಕದಲೀತು! ಪಕ್ಕದ ಹೊಲಗಳವರು ಬರುವ ವೇಳೆಗೆ ಮಾಡು ಕುಸಿದಿತ್ತು. ಮೂರು ವರ್ಷದ ಕಾರು ಸುಟ್ಟ ರೊಟ್ಟಿಯಂತೆ ಸುರುಟಿ ಬಿದ್ದಿತ್ತು. ಕೋಳಿಗಳಲ್ಲಿ ನಾಲ್ಕು ಮಾತ್ರ ಉಳಿದವು.

ಎಲ್ಡನ್ ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತ. ಲಿಬಿ ಅವನ ಹಿಂದೆ ಬಂದು ನಿಂತಳು. ಅವಳ ಮಡಿಲಲ್ಲಿ ರೆಕ್ಕೆ ಸುಟ್ಟ ಕೋಳಿಯೊಂದಿತ್ತು.

“ತಗಡು ಹೋಯ್ತು ಅಂತ ಅಳ್ತಿದೀಯಲ್ಲ, ಇವುಗಳಿಗೆ ಜೀವ ಇತ್ತು ಕಣೋ” ಎಂದಳು.

ಸೆಪ್ಟೆಂಬರ್‌ನ ಮೊದಲ ಭಾನುವಾರ ಎಲ್ಲವನ್ನೂ ಹೇಳಿಬಿಡಬೇಕೆಂದೇ ಅವನು ಲಾರ್ಕಿನ್‌ಗೆ ಹೊರಟ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಆದರೆ ಅವತ್ತು ಅವನಿಗಿಂತ ಮುಂಚೆ ಪೆಟ್ಟಿಗೆ ಹತ್ತಿದವನು, ವೆಲ್ಡಿಂಗ್ ಕಿಡಿ ಬಿದ್ದು ತನ್ನ ಸೀಟಿನ ಬಟ್ಟೆ ಸುಟ್ಟಿತೆಂದು ಹೇಳಿದ. ರಾಯ್ಸ್ ಎದ್ದು ನಿಂತ.

“ಈ ಮನುಷ್ಯ ಎರಡು ವರ್ಷದಿಂದ ಬಡ್ಕೊಳ್ತಾನೆ, ಒದ್ದೆ ಗೋಣಿ, ಒದ್ದೆ ಗೋಣಿ ಅಂತ. ನಿಮ್ಮ ಕಿವಿಗೇನು ತುಕ್ಕು ಹಿಡಿದಿದೆಯಾ? ಎಲ್ಡನ್‌ನ ನೋಡಿ ಕಲೀರೋ!”

ಎಲ್ಲರೂ ಅವನತ್ತ ತಿರುಗಿದರು. ಎಲ್ಡನ್ ಪೆಟ್ಟಿಗೆ ಹತ್ತಿದ. ಗೇಲನ್ ಪೆನ್ನು ಹಿಡಿದು ಮೇಲೆ ನೋಡುತ್ತಿದ್ದ.

“ಸ್ಟಿಯರಿಂಗ್ ಬಾಕ್ಸ್ ಕೂರಿಸ್ದೆ” ಎಂದ ಎಲ್ಡನ್.

ಚಪ್ಪಾಳೆ ಬಿತ್ತು. ಗೇಲನ್ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡ.

ಒಂದು ಸುಳ್ಳಿಗೆ ಕಾವಲಾಗಿ ಹತ್ತು ಸುಳ್ಳು ನಿಲ್ಲಬೇಕು. ಸ್ಟಿಯರಿಂಗ್ ಕೂರಿಸಿದವನು ಅಕ್ಟೋಬರ್‌ನಲ್ಲಿ ಮುಂದಿನ ಆಕ್ಸಲ್ ಹೇಳಬೇಕು, ನವೆಂಬರ್‌ನಲ್ಲಿ ಬ್ರೇಕು. ನೋಡಲು ಬರುತ್ತೇವೆಂದವರಿಗೆ, “ಮುಗಿಯೋವರೆಗೆ ಯಾರಿಗೂ ತೋರಿಸಲ್ಲ ಅಂತ ಹರಕೆ ಹೊತ್ತಿದೀನಿ” ಎಂದ. ಅದೂ ಒಂದು ದೊಡ್ಡಸ್ತಿಕೆಯಾಗಿ ಕಂಡಿತು. ಅವನ ಸೀಮೆಯಲ್ಲಿ ಷೆಡ್ಡೊಂದು ಸುಟ್ಟ ಸುದ್ದಿ ಲಾರ್ಕಿನ್‌ಗೆ ಬಂದದ್ದು ‘ವಾವ್ರಾ ಮನೆಯ ಕೋಳಿಗೂಡು ಹೋಯಿತಂತೆ’ ಎಂದಷ್ಟೇ.

“ಮುಂದಿನ ಭಾನುವಾರ ಹೇಳಿಬಿಡ್ತೀನಿ” ಎಂದು ತಿಂಗಳು ತಿಂಗಳೂ ಲಿಬಿಗೆ ಮಾತು ಕೊಡುತ್ತಿದ್ದ. ಮೂರನೆಯ ಸಲ ಅವಳು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

“ಇವತ್ತಿಂದ ಕೊಲಾಚೆ ಇಲ್ಲ.”

“ಯಾಕೇ? ಎಲ್ಲರೂ ಕೇಳ್ತಾರೆ.”

“ಹಿಟ್ಟು ಸುಳ್ಳು ಹೇಳಲ್ಲ, ಗಸಗಸೆ ಸುಳ್ಳು ಹೇಳಲ್ಲ. ನಿನ್ನ ಜೊತೆ ಕಳಿಸಿ ಅವುಗಳ ಮಾನ ಯಾಕೆ ಕಳೀಲಿ? ನಿಂದೇನಿದೆಯೋ ಅದನ್ನ ತಗೊಂಡ್ಹೋಗು, ನಂದನ್ನ ಬಿಡು.”

ಲಿಬಿಗೆ ಮೈ ಸರಿಯಿಲ್ಲವೆಂದು ಅಲ್ಲಿ ಇನ್ನೊಂದು ಸುಳ್ಳು ಹೇಳಬೇಕಾಯಿತು.

ವಿಚಿತ್ರವೆಂದರೆ, ಆ ಸುಳ್ಳಿನಲ್ಲಿ ಅವನು ಮೈಗಳ್ಳತನ ಮಾಡಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದವನಲ್ಲ. ದನದ ಕೊಟ್ಟಿಗೆಯ ಸಿಮೆಂಟು ನೆಲವನ್ನು ತೊಳೆದು, ಅದರ ಮೇಲೆ ಸೀಮೆಸುಣ್ಣದಲ್ಲಿ ಕಾರನ್ನು ನಿಜದ ಅಳತೆಯಲ್ಲೇ ಬರೆದ. ಚಾಸಿಸ್ ಇಲ್ಲಿ, ಎಂಜಿನ್ ಇಲ್ಲಿ, ರೇಡಿಯೇಟರಿಗೂ ಫ್ಯಾನಿಗೂ ನಡುವೆ ಮುಕ್ಕಾಲು ಅಂಗುಲ. ಎಂಜಿನ್ ಕೂರಿಸಿದರೆ ಸ್ಟಿಯರಿಂಗ್ ಕೋಲು ಅಡ್ಡ ಬರುತ್ತದೆ ಎಂದು ಕಂಡರೆ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಅಳಿಸಿ, ಮತ್ತೆ ಬರೆದು, ಉಪಾಯ ಸಿಕ್ಕಿದ ಮೇಲೆಯೇ ಭಾನುವಾರ ಪೆಟ್ಟಿಗೆ ಹತ್ತುತ್ತಿದ್ದ. ಇತರರು ಆ ಉಪಾಯಗಳನ್ನು ತಮ್ಮ ಕಾರುಗಳಲ್ಲಿ ಮಾಡಿ ನೋಡಿದರು, ಕೂತವು. “ಎಲ್ಡನ್ ಹೇಳಿದ್ದು ಕರೆಕ್ಟ್ ಕಣ್ರೋ” ಎಂದರು. ಅವನಿಗೆ ಒಳಗೊಳಗೇ ಹಿಗ್ಗು. ಮನೆಗೆ ಮರಳುವ ದಾರಿಯಲ್ಲಿ ಆ ಹಿಗ್ಗು ಹುಳಿಯಾಗುತ್ತಿತ್ತು.

ಒಂದು ಸಂಜೆ ಲಿಬಿ ಹಾಲಿನ ಪಾತ್ರೆ ಹಿಡಿದು ಕೊಟ್ಟಿಗೆಗೆ ಬಂದಾಗ ಎಲ್ಡನ್ ಹಾಲು ಕರೆಯುವ ಮಣೆಯನ್ನು ಸೀಮೆಸುಣ್ಣದ ಕಾರಿನೊಳಗೆ, ಸೀಟು ಇರಬೇಕಾದ ಕಡೆ ಇಟ್ಟುಕೊಂಡು ಕೂತಿದ್ದ. ಎರಡು ಕೈಯೂ ಗಾಳಿಯಲ್ಲಿ, ಸ್ಟಿಯರಿಂಗ್ ಹಿಡಿದ ಹಾಗೆ. ಹಸು ಕಿವಿ ಅಲ್ಲಾಡಿಸುತ್ತ ಅವನನ್ನೇ ನೋಡುತ್ತಿತ್ತು. ಬೈಯಲೆಂದು ಬಾಯಿ ತೆರೆದವಳು ಸದ್ದಾಗದಂತೆ ಹಿಂದಕ್ಕೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬೇಕೆಂದೇ ಪಾತ್ರೆ ಬಡಿಯುತ್ತ ಬಂದಳು.

ಹೀಗೆ ಐವತ್ತೆಂಟನೇ ಇಸವಿಯ ಫೆಬ್ರವರಿ ಬಂತು. ಆ ತಿಂಗಳು ಎಲ್ಡನ್ ಹೇಳಿದ್ದು ಎಂಜಿನ್ನಿಗೆ ಪೆಟ್ರೋಲ್ ಕೊಡುವ ಕೊಂಡಿಯ ವಿಷಯ. ಎರಡು ಕಾರ್ಬುರೇಟರ್‌ಗಳನ್ನು ಒಂದೇ ಪೆಡಲಿನಿಂದ ತೆರೆಯಬೇಕು. ಅದಕ್ಕೆ ಗಾಳಿಯಂತ್ರದ ಪಂಪಿನ ಸಣ್ಣ ಮೊಣಕೈ ಕೀಲೊಂದನ್ನು ಬಳಸಿದ್ದೇನೆಂದ.

“ಹೇಗೆ ಓಡುತ್ತೆ?” ಎಂದ ರಾಯ್ಸ್.

“ಬೆಣ್ಣೆ. ಬೆಣ್ಣೆ ಥರ.”

ರಾಯ್ಸ್‌ಗೆ ಅದು ಹಿಡಿಸಿತು. ಎಲ್ಡನ್‌ನಿಂದಲೇ ಅಂಥ ಕೀಲೊಂದನ್ನು ತೆಗೆದುಕೊಂಡು ತನ್ನ ಕಾರಿಗೆ ಹಾಕಿದ.

ಯುದ್ಧಕಾಲದಲ್ಲಿ ಬಾಂಬರ್ ವಿಮಾನಗಳಿಗೆಂದು ಮಾಡಿದ ಹಾಳು ಏರ್‌ಫೀಲ್ಡೊಂದು ಲಾರ್ಕಿನ್‌ನ ಉತ್ತರಕ್ಕಿತ್ತು. ಮೇ ತಿಂಗಳ ಕೊನೆಯ ಭಾನುವಾರ ಗ್ರಾವೆಲ್ ಕಿಂಗ್ಸ್ ಅಲ್ಲಿ ಸೇರಿದ್ದರು. ಹೆಂಗಸರು ಮಕ್ಕಳು ಲಾರಿಗಳ ಹಿಂಬದಿಯಲ್ಲಿ ಕೂತು ಹುರಿದ ಕೋಳಿ ತಿನ್ನುತ್ತಿದ್ದರು. ರಾಯ್ಸ್‌ನ ಕಪ್ಪು ಕಾರು ರನ್‌ವೇಯ ತುದಿಯಿಂದ ಹೊರಟಿತು. ಅದರ ಸದ್ದು ಎದೆಯೊಳಗೆ ಗುದ್ದಿದ ಹಾಗೆ ಬಂದು, ಎದುರಿಗೆ ಹಾಯ್ದು, ಗೆರೆ ದಾಟಿತು. ಗೆರೆ ದಾಟಿದ ಮೇಲೆ ಸದ್ದು ಇಳಿಯಬೇಕು. ಇಳಿಯಲಿಲ್ಲ. ಎಲ್ಡನ್ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಕಾರು ರನ್‌ವೇ ಮುಗಿಸಿ, ಬೇಲಿ ಹರಿದು, ಹಸಿರು ಗೋಧಿಯೊಳಗೆ ನುಗ್ಗಿ ಎರಡು ಸುತ್ತು ತಿರುಗಿ ನಿಂತಿತು.

ಮೊದಲು ಓಡಿ ತಲುಪಿದವನು ಎಲ್ಡನ್. ರಾಯ್ಸ್ ಕಾರಿನ ಹೊರಗೆ, ಗೋಧಿಯ ನಡುವೆ ಕೂತಿದ್ದ. ಎಡಗೈ ತೂಗುತ್ತಿತ್ತು. ಹೆಗಲ ಮೂಳೆ ಮುರಿದಿತ್ತು.

“ಪೆಡಲ್ ಬಿಟ್ಟೆ ಕಣೋ” ಎಂದ, ಏದುಸಿರಿನಲ್ಲಿ. “ನಾನು ಬಿಟ್ಟೆ, ಅದು ಬಿಡ್ಲಿಲ್ಲ.”

ಎಲ್ಡನ್ ಎಂಜಿನ್ನಿನ ಮೇಲೆ ಬಗ್ಗಿದ. ಒಂದೇ ನೋಟಕ್ಕೆ ತಿಳಿಯಿತು. ಪೆಡಲನ್ನು ಪೂರ್ತಿ ಒತ್ತಿದಾಗ ಆ ಮೊಣಕೈ ಕೀಲು ತನ್ನ ನಟ್ಟನಡುವನ್ನು ದಾಟಿ ಆಚೆ ಬಾಗಿಕೊಂಡಿತ್ತು. ಹಾಗೆ ಬಾಗಿದ್ದು ಹಿಂದಕ್ಕೆ ಬರಲಾರದು. ನೆಲದ ಮೇಲಿನ ಸೀಮೆಸುಣ್ಣದ ಗೆರೆ ಚಲಿಸುವುದಿಲ್ಲ, ಹೀಗಾಗಿ ಅಲ್ಲಿ ಅದು ಕಂಡಿರಲಿಲ್ಲ. ಕಾರಿದ್ದವನು ಕೈಯಲ್ಲಿ ಒಂದು ಸಲ ತಿರುಗಿಸಿದ್ದರೆ ಸಾಕಿತ್ತು.

“ನಾನೇ ಸರಿಯಾಗಿ ಕೂರಿಸ್ಲಿಲ್ಲ ಅನ್ಸುತ್ತೆ” ಎಂದ ರಾಯ್ಸ್. “ನಿಂದು ಸರಿಯಾಗೇ ಓಡ್ತಿದೆಯಲ್ಲ. ನನ್ನ ಕೈಯೇ ದೊಗಳೆ.”

ಎಲ್ಡನ್‌ಗೆ ಆ ಮಾತು ಬೈಗುಳಕ್ಕಿಂತ ಕೆಟ್ಟದಾಗಿ ನಾಟಿತು. ಅಂದೇ ಸಂಜೆ ಗೇಲನ್‌ಗೆ ಫೋನ್ ಮಾಡಿ, ಆ ಕೀಲನ್ನು ಯಾರೂ ಹಾಕಬಾರದು, ಹಾಕಿದ್ದರೆ ತೆಗೆಯಬೇಕು ಎಂದ. ಯಾಕೆಂದು ಗೇಲನ್ ಕೇಳಿದ್ದಕ್ಕೆ, “ಭಾನುವಾರ ಹೇಳ್ತೀನಿ” ಎಂದ. ಈ ಸಲ ಲಿಬಿಗೆ ಮಾತು ಕೊಡಲಿಲ್ಲ. ಅವಳೇ ಕೇಳಿದಳು.

“ನಾನೂ ಬರ್ಲಾ?”

“ಬೇಡ. ಒಬ್ಬನೇ ಹೇಳಿದ್ದು, ಒಬ್ಬನೇ ಬಿಚ್ಚಬೇಕು.”

ಜೂನ್ ಒಂದರಂದು ವರ್ಕ್‌ಶಾಪು ತುಂಬಿತ್ತು. ರಾಯ್ಸ್ ತೋಳನ್ನು ಬಟ್ಟೆಯಿಂದ ಕೊರಳಿಗೆ ತೂಗುಹಾಕಿಕೊಂಡು ಕೂತಿದ್ದ. ಎಲ್ಡನ್ ಪೆಟ್ಟಿಗೆ ಹತ್ತಲಿಲ್ಲ, ಅದರ ಪಕ್ಕದಲ್ಲಿ ನೆಲದ ಮೇಲೇ ನಿಂತ.

“ನನ್ನ ಹತ್ರ ಕಾರಿಲ್ಲ” ಎಂದ.

ಯಾರೋ ನಕ್ಕರು.

“ತಮಾಷೆ ಅಲ್ಲ. ಐವತ್ತಾರರ ಆಗಸ್ಟ್‌ನಲ್ಲಿ ಸುಟ್ಟುಹೋಯ್ತು. ನನ್ನ ವೆಲ್ಡಿಂಗ್ ಟಾರ್ಚಿನಿಂದಲೇ. ನೀರಿರಲಿಲ್ಲ, ಗೋಣಿ ಒಣಗಿತ್ತು. ಆಮೇಲೆ ನಾನು ಇಲ್ಲಿ ಹೇಳಿದ್ದೆಲ್ಲ ಸುಳ್ಳು. ಆ ಕೀಲನ್ನ ನಾನು ಯಾವತ್ತೂ ಓಡಿಸಿ ನೋಡಿಲ್ಲ. ರಾಯ್ಸ್, ನಿನ್ನ ಕೈ ದೊಗಳೆ ಅಲ್ಲ. ತಪ್ಪು ನಂದು.”

ಗೇಲನ್ ತಲೆ ಬಗ್ಗಿಸಿ ಪುಟ ಹಿಂದಕ್ಕೆ ತಿರುಗಿಸುತ್ತ ಹೋದ.

“ಇಪ್ಪತ್ತೊಂದು ಸಲ” ಎಂದ, ಮೆಲ್ಲಗೆ.

ರಾಯ್ಸ್ ಎದ್ದ. ಮುಖ ಕಾದ ಕಬ್ಬಿಣವಾಗಿತ್ತು. ಬಂದು ಪೆಟ್ಟಿಗೆಯನ್ನು ಕಾಲಿನಿಂದ ಒದ್ದ, ಅದು ಗೋಡೆಗೆ ಬಡಿದು ಎರಡಾಯಿತು.

“ಕಾರು ಸುಟ್ಟಿದ್ದಕ್ಕೆ ನಗ್ತಿದ್ವಾ ನಾವು? ಹೇಳು! ನಗ್ತಿದ್ವಾ?”

“ನಗ್ತಿದ್ರಿ” ಎಂದ ಎಲ್ಡನ್.

“ನಗ್ತಿದ್ವಿ! ಒಂದು ವಾರ ನಗ್ತಿದ್ವಿ! ಆಮೇಲೆ ಹದಿಮೂರು ಜನ ಲಾರಿ ಕಟ್ಕೊಂಡು ಬಂದು ಷೆಡ್ ಎಬ್ಬಿಸಿ ಕೊಡ್ತಿದ್ವಿ. ನಮ್ಮನ್ನ ಏನಂದ್ಕೊಂಡೆ ನೀನು?” ಅವನ ದನಿ ಒಡೆಯಿತು. “ಹೋಗು. ನನ್ನ ಕಣ್ಣೆದುರು ನಿಲ್ಲಬೇಡ.”

ಎಲ್ಡನ್ ಹೋದ.

ಆ ಬೇಸಿಗೆ ಅವನಿಗೆ ತುಂಬ ಉದ್ದವಾಯಿತು. ಕೆಲಸಕ್ಕೆ ಹೋದ ಕಡೆ ಗೋಪುರ ಹತ್ತಿ ಇಳಿಯುತ್ತಿದ್ದ, ಉಪದೇಶವಿಲ್ಲ. “ಎಲ್ಡನ್, ಮೈ ಹುಷಾರಿಲ್ವಾ?” ಎಂದು ರೈತರೇ ಕೇಳತೊಡಗಿದರು. ತಿಂಗಳ ಮೊದಲ ಭಾನುವಾರ ಎರಡು ಗಂಟೆಯಾದರೆ ಸುಮ್ಮನೆ ಬೇಲಿಯ ಬಳಿ ಹೋಗಿ ನಿಲ್ಲುತ್ತಿದ್ದ. ಲಿಬಿ ಆಗ ಅವನನ್ನು ಏನಾದರೊಂದು ಕೆಲಸಕ್ಕೆ ಕೂಗುತ್ತಿದ್ದಳು.

ಅಕ್ಟೋಬರ್‌ನಲ್ಲಿ ಗೇಲನ್ ಬಂದ. ಕೈಯಲ್ಲಿ ಹಸಿರು ಪುಸ್ತಕ.

“ಎಲ್ಲರ ಹತ್ರಾನೂ ಹೋಗಿ ಕೇಳ್ಕೊಂಡು ಬಂದೆ” ಎಂದು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಬಿಡಿಸಿದ. “ನೀನು ಹೇಳಿದ ಇಪ್ಪತ್ತೊಂದರಲ್ಲಿ ಹದಿನಾರನ್ನ ಯಾರೋ ಒಬ್ರು ತಮ್ಮ ಕಾರಲ್ಲಿ ಮಾಡಿದಾರೆ. ಹದಿನೈದು ಸರಿಯಾಗಿದೆ. ಒಂದು ಕೆಟ್ಟಿತು.”

“ಆ ಒಂದು ಅವನನ್ನ ಕೊಲ್ತಿತ್ತು.”

“ಕೊಲ್ತಿತ್ತು. ನಾನಿಲ್ಲ ಅನ್ನಲ್ಲ. ಬರೆದದ್ದನ್ನ ಪೂರ್ತಿ ಓದ್ಬೇಕು ಅಷ್ಟೆ. ನಾನು ಔಷಧದಂಗಡಿಯವನು, ಅರ್ಧ ಚೀಟಿ ಓದಿ ಔಷಧ ಕೊಡಲ್ಲ.”

ಹೊರಡುವಾಗ ಲಿಬಿ ಅವನಿಗೆ ಒಂದು ಡಜನ್ ಮೊಟ್ಟೆ ಕಟ್ಟಿಕೊಟ್ಟಳು.

ನವೆಂಬರ್ ನಡುವಿನಲ್ಲಿ, ಮೊದಲ ಹಿಮ ಉದುರುತ್ತಿದ್ದ ಬೆಳಿಗ್ಗೆ, ರಾಯ್ಸ್‌ನ ಲಾರಿ ಅಂಗಳಕ್ಕೆ ಬಂದು ನಿಂತಿತು. ಹಿಂದಿನ ಟ್ರೈಲರಿನ ಮೇಲೆ ಅವನ ಕಪ್ಪು ಕಾರಿನ ಡೊಂಕಾದ ಚಾಸಿಸ್ ಇತ್ತು, ಎಂಜಿನ್ನೂ ಇತ್ತು. ರಾಯ್ಸ್ ಇಳಿದು ನಮಸ್ಕಾರ ಕೂಡ ಹೇಳಲಿಲ್ಲ.

“ಕೆಡಿಸಿದವನು ನೀನು, ನೀನೇ ಸರಿ ಮಾಡು. ಇದು ನಿಂಗೇ. ನಾನು ಬೇರೆ ಮಾಡ್ಕೊಳ್ತೀನಿ.”

“ರಾಯ್ಸ್...”

“ಬಾಯಿ ಮುಚ್ಚು. ಬಾಯಿಂದ ಬಂದಿದ್ದು ಇನ್ನು ನಡೆಯಲ್ಲ. ಡಿಸೆಂಬರ್ ಮೊದಲ ಭಾನುವಾರ ಎಲ್ರೂ ಇಲ್ಲಿಗೇ ಬರ್ತೀವಿ. ಕಣ್ಣಲ್ಲಿ ನೋಡಿ ಬರ್ಕೊಳ್ತೀವಿ. ಆಮೇಲೆ ನನ್ನದು, ಆಮೇಲೆ ಗೇಲನ್ನದು. ಒಬ್ಬೊಬ್ಬರ ಷೆಡ್ಡಿಗೂ ಹೋಗೋದು ಇನ್ಮೇಲೆ.” ತಿರುಗಿ ಕೊಟ್ಟಿಗೆಯತ್ತ ನೋಡಿದ. “ಎಲ್ಲಿ ಕಟ್ತೀಯಾ? ಅದರೊಳಗಾ?”

ಒಳಗೆ ಹೋದರು. ನೆಲದ ಮೇಲೆ ಸೀಮೆಸುಣ್ಣದ ಕಾರು ಇನ್ನೂ ಇತ್ತು, ಒಂದೆರಡು ಕಡೆ ಹಸುವಿನ ಗೊರಸಿಗೆ ಅಳಿಸಿತ್ತು. ರಾಯ್ಸ್ ಬಹಳ ಹೊತ್ತು ನೋಡಿದ. ಗೆರೆಯುದ್ದಕ್ಕೂ ನಡೆದ. ಬಗ್ಗಿ, ರೇಡಿಯೇಟರ್ ಇರಬೇಕಾದ ಕಡೆ ಬೆರಳಿಂದ ಅಳೆದ.

“ಮುಕ್ಕಾಲು ಅಂಗುಲ ಬಿಟ್ಟಿದೀಯ.”

“ಹೌದು.”

“ಒಂದು ಬಿಡ್ಬೇಕು. ಬೇಸಿಗೇಲಿ ಕಾಯುತ್ತೆ.”

“ಮುಕ್ಕಾಲು ಸಾಕು” ಎಂದ ಎಲ್ಡನ್. ಆರು ತಿಂಗಳಲ್ಲಿ ಅವನು ಯಾರೊಂದಿಗಾದರೂ ವಾದ ಮಾಡಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ಲಿಬಿ ಒಳಗೆ ಹೋಗಿ ಗಸಗಸೆ ನೆನೆಹಾಕಿದಳು.

ಕಾರಿಗೆ ಎರಡೂವರೆ ವರ್ಷ ಹಿಡಿಯಿತು. ಮೈ ಇನ್ನೊಂದು ಹೊಲದ ಮರಗಳ ಸಾಲಿನಿಂದ ಬಂತು. ಬಾಗಿಲನ್ನು ಒಬ್ಬ ಕೊಟ್ಟ, ದೀಪಗಳನ್ನು ಮತ್ತೊಬ್ಬ. ಭಾನುವಾರಗಳಲ್ಲಿ ಹದಿಮೂರು ಜನ ಕೊಟ್ಟಿಗೆಯಲ್ಲಿ ಸೇರಿ ಪ್ರತಿ ಬೋಲ್ಟನ್ನೂ ಮುಟ್ಟಿ, ಎಳೆದು, ಅಲ್ಲಾಡಿಸಿ ನೋಡುತ್ತಿದ್ದರು. “ಇದು ನಿಜವಾಗ್ಲೂ ಇದೆಯೇನ್ರೋ, ಕಚ್ಚಿ ನೋಡಿ!” ಎಂದು ಹಂಗಿಸುತ್ತಿದ್ದರು. ಎಲ್ಡನ್ ನಗುತ್ತಿದ್ದ, ಕಿವಿ ಮಾತ್ರ ಕೆಂಪಗಾಗುತ್ತಿತ್ತು. ಬಣ್ಣ ಯಾವುದೆಂದು ಬಂದಾಗ ಎಲ್ಲರೂ ಒಂದೊಂದು ಹೇಳಿದರು. ಲಿಬಿ ಅಂಗಳಕ್ಕೆ ಹೋಗಿ ಕೋಳಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ತಂದು ರಾಯ್ಸ್‌ನ ಮುಂದೆ ಹಿಡಿದಳು.

“ಈ ಬಣ್ಣ.”

ರಾಯ್ಸ್ ಬಣ್ಣ ಬೆರೆಸುವಾಗ ಆ ಕೋಳಿ ಇಡೀ ಮಧ್ಯಾಹ್ನ ವರ್ಕ್‌ಶಾಪಿನ ಮೇಜಿಗೆ ಕಟ್ಟಿಸಿಕೊಂಡು ಕೂತಿತ್ತು.

ಅರವತ್ತೊಂದರ ಜುಲೈನಲ್ಲಿ ಕೆಂಗಂದು ಕಾರು ಜಲ್ಲಿ ರಸ್ತೆಗಿಳಿಯಿತು. ಲಿಬಿ ತಲೆಗೆ ವಸ್ತ್ರ ಬಿಗಿದು ಪಕ್ಕದಲ್ಲಿ ಕೂತಿದ್ದಳು. ಹಿಂದೆ ಎದ್ದ ಧೂಳು ಜೋಳದ ಹೊಲಗಳ ಮೇಲೆ ಅರ್ಧ ಗಂಟೆ ತೂಗಾಡಿತು. ಮುಂದೆ ಎಷ್ಟೋ ವರ್ಷ ಅವಳು ಮೊಟ್ಟೆ ಹಂಚಲು ಅದೇ ಕಾರಿನಲ್ಲಿ ಹೋಗುತ್ತಿದ್ದಳು. ಆ ಸದ್ದು ಕೇಳಿದರೆ ಆ ಸೀಮೆಯ ಹೆಂಗಸರು ಖಾಲಿ ಬುಟ್ಟಿ ಹಿಡಿದು ಹೊರಬರುತ್ತಿದ್ದರು.

ರಾಯ್ಸ್ ‘ಕ್ಷಮಿಸಿದೆ’ ಎಂದು ಯಾವತ್ತೂ ಹೇಳಲಿಲ್ಲ. ಎಲ್ಡನ್ ಕೇಳಲೂ ಇಲ್ಲ. ಅಂದಿನಿಂದ ರಾಯ್ಸ್ ಅವನನ್ನು ‘ಸೀಮೆಸುಣ್ಣ’ ಎಂದೇ ಕರೆದ. “ಏ ಸೀಮೆಸುಣ್ಣ, ಬಾ ಇಲ್ಲಿ.” ಆಮೇಲಾಮೇಲೆ ರಾಯ್ಸ್‌ನ ಮಕ್ಕಳು, ಮೊಮ್ಮಕ್ಕಳು ಕೂಡ ಅದೇ ಎಲ್ಡನ್‌ನ ಹೆಸರೆಂದು ತಿಳಿದರು. ಮಳೆ ಬಂದ ದಿನ ರಾಯ್ಸ್‌ನ ಭುಜ ನೋಯುತ್ತಿತ್ತು. ಆ ದಿನಗಳಲ್ಲಿ ಎಲ್ಡನ್ ಅವನ ವರ್ಕ್‌ಶಾಪಿಗೆ ಹೋಗಿ ಭಾರದ ಸಾಮಾನು ಎತ್ತಿಟ್ಟು ಬರುತ್ತಿದ್ದ. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ಎಂಜಿನ್ನಿನ ಕಾವಿನ ಬಗ್ಗೆ, ಆ ಮುಕ್ಕಾಲು ಅಂಗುಲದ ಬಗ್ಗೆ ಜಗಳವಾಡುತ್ತಿದ್ದರು.

ಹಳ್ಳಿಹಳ್ಳಿಗೂ ವಿದ್ಯುತ್ ಪಂಪುಗಳು ಬಂದವು. ಗೋಪುರಗಳು ಒಂದೊಂದಾಗಿ ಉರುಳಿದವು, ನಿಂತವುಗಳ ರೆಕ್ಕೆಗಳಲ್ಲಿ ಹಕ್ಕಿ ಗೂಡು ಕಟ್ಟಿದವು. ಏರ್‌ಫೀಲ್ಡಿನ ಕಾಂಕ್ರೀಟನ್ನು ಒಡೆದು ರಸ್ತೆಗೆ ಹಾಸಿದರು, ಅಲ್ಲೀಗ ದನಗಳನ್ನು ಕೊಬ್ಬಿಸುವ ದೊಡ್ಡಿಗಳಿವೆ. ಗ್ರಾವೆಲ್ ಕಿಂಗ್ಸ್ ಹದಿನಾಲ್ಕರಿಂದ ಒಂಬತ್ತಾದರು, ಒಂಬತ್ತರಿಂದ ಐದು. ಗೇಲನ್‌ನ ಮೂರನೇ ಪುಸ್ತಕವೂ ತುಂಬಿತು.

ಎಂಬತ್ತೇಳರ ಜುಲೈನಲ್ಲಿ ರಾಯ್ಸ್ ಕೆಟ್ಲರ್ ತೀರಿಕೊಂಡ. ಅವನ ಹೆಂಡತಿ ವರ್ನಾ ಎಲ್ಡನ್‌ಗೆ ಫೋನ್ ಮಾಡಿ, “ಶವದ ಗಾಡಿಯ ಹಿಂದೆ ನಿನ್ನ ಕಾರೇ ಇರ್ಬೇಕಂತೆ. ಬರೆದಿಟ್ಟು ಹೋಗಿದಾನೆ” ಎಂದಳು.

ಚರ್ಚಿನಿಂದ ಸ್ಮಶಾನಕ್ಕೆ ನಾಲ್ಕು ಮೈಲಿ. ಮೆರವಣಿಗೆ ನಡೆಯುವ ವೇಗದಲ್ಲಿ ಹೊರಟಿತು. ಸೂರ್ಯ ನೆತ್ತಿ ಸುಡುತ್ತಿದ್ದ. ಆ ಎಂಜಿನ್ನಿಗೆ ಓಡುವುದು ಗೊತ್ತಿತ್ತೇ ಹೊರತು ನಡೆಯುವುದು ಗೊತ್ತಿರಲಿಲ್ಲ. ಎರಡನೇ ಮೈಲಿಯಲ್ಲಿ ಕಾವಿನ ಮುಳ್ಳು ಮೇಲೇರಿತು. ಎಲ್ಡನ್ ಮುಳ್ಳನ್ನೂ ಮುಂದಿನ ಕಪ್ಪು ಗಾಡಿಯನ್ನೂ ನೋಡುತ್ತ ಬೆವರಿದ. ಮೂರನೇ ಮೈಲಿಯಲ್ಲಿ ಕಾರು ಬುಸ್ಸೆಂದು ಬಿಳಿ ಹೊಗೆ ಬಿಟ್ಟು ರಸ್ತೆಯ ನಡುವೆ ನಿಂತುಬಿಟ್ಟಿತು. ಹಿಂದಿದ್ದ ಐವತ್ತು ಕಾರುಗಳೂ ನಿಂತವು. ಮುಂದಿನ ಗಾಡಿಯೂ ನಿಂತಿತು.

ಎಲ್ಡನ್ ಇಳಿದು, ಟೋಪಿ ಕೈಯಲ್ಲಿ ಹಿಡಿದು ನಿಂತ. ಹಿಂದಿದ್ದ ಮೊದಲ ಕಾರಿನ ಬಾಗಿಲು ತೆರೆದು ವರ್ನಾ ಇಳಿದು ಬಂದಳು. ಕಪ್ಪು ಬಟ್ಟೆ, ಅತ್ತು ಊದಿದ ಕಣ್ಣು. ಹೊಗೆಯನ್ನು ನೋಡಿದಳು, ಅವನನ್ನು ನೋಡಿದಳು.

“ಎಷ್ಟು ಬಿಟ್ಟಿದೀಯಾ ಅಲ್ಲಿ?”

“ಮುಕ್ಕಾಲು ಅಂಗುಲ” ಎಂದ ಎಲ್ಡನ್.

ವರ್ನಾ ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಕುಲುಕತೊಡಗಿತು. ಅವಳು ಅಳುತ್ತಿದ್ದಾಳೆಂದು ಲಿಬಿಯೂ ಕಾರಿನಿಂದಿಳಿದು ಓಡಿಬಂದಳು. ವರ್ನಾ ನಗುತ್ತಿದ್ದಳು, ನಿಲ್ಲಿಸಲಾಗದೆ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಗೇಲನ್ ನಕ್ಕ, ಆಮೇಲೆ ಉಳಿದ ಮುದುಕರು ನಕ್ಕರು. ಹಿಂದಿನ ಕಾರುಗಳವರು ಕುತ್ತಿಗೆ ಚಾಚಿ ನೋಡಿದರು.

ಎಂಜಿನ್ ತಣಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಲಿಬಿ ಶವದ ಗಾಡಿಯೊಳಗಿನ ಹೂಜಿಗಳಿಂದ ಹೂಗಳನ್ನೆತ್ತಿ ತಮ್ಮ ಕಾರಿನ ಸೀಟಿನ ಮೇಲಿಟ್ಟು, ಹೂಜಿಗಳ ನೀರನ್ನು ತಂದು ಒಂದೊಂದಾಗಿ ರೇಡಿಯೇಟರಿಗೆ ಸುರಿದಳು. ಪಾದ್ರಿ ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದರು. ಎಲ್ಡನ್ ಕೀಲಿ ತಿರುಗಿಸಿದ. ಕಾರು ಮೊದಲು ಕೆಮ್ಮಿ, ಆಮೇಲೆ ಗುಡುಗಿತು. ವರ್ನಾ ತನ್ನ ಕಾರಿಗೆ ಮರಳಲಿಲ್ಲ. ಸೀಟಿನ ಮೇಲಿದ್ದ ಹೂಗಳನ್ನು ಮಡಿಲಿಗೆ ಎಳೆದುಕೊಂಡು ಎಲ್ಡನ್‌ನ ಪಕ್ಕದಲ್ಲೇ ಕೂತಳು, ಲಿಬಿ ವರ್ನಾಳ ಕಾರು ಹತ್ತಿದಳು.

“ಮೆಲ್ಲಗೆ ಹೋದ್ರೆ ಮತ್ತೆ ನಿಲ್ಲುತ್ತೆ” ಎಂದ ಎಲ್ಡನ್.

“ಹಾಗಾದ್ರೆ ಮೆಲ್ಲಗೆ ಹೋಗ್ಬೇಡ” ಎಂದಳು ವರ್ನಾ. “ಮುಂದಿನವರಿಗೂ ಹೇಳಿದೀನಿ.”

ಕೊನೆಯ ಮೈಲಿಯನ್ನು ಮೆರವಣಿಗೆ ಗಂಟೆಗೆ ಐವತ್ತು ಮೈಲಿ ವೇಗದಲ್ಲಿ ಮುಗಿಸಿತು.